ಮಾಡೆಲ್ ಹಡಗಿನ ಹಾಯಿಗೆ ಬಣ್ಣ: ನಮ್ಮ ಕಲಬುರಗಿ ಬಿಸಿಲಿಗೆ ತಕ್ಕಂತೆ

ಪ್ಲಾಸ್ಟಿಕ್ ಹಾಯಿಗೆ ಅಚ್ಚ ಬಿಳಿ ಬೇಡ. ಹಳೇ ಹಡಗುಗಳ ಹಾಯಿ ಅಗಸೆ ನಾರು, ಸೆಣಬಿನಂಥ ಬಟ್ಟೆಯದು. ಅದಕ್ಕೆ ಮಾಸಿದ ಕೆನೆ ಬಣ್ಣವೇ ಸರಿ.

ಮೊದಲು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು ಒಣಗಿಸಿ, ಪ್ರೈಮರ್ ಹೊಡೆಯಿರಿ. ಮೇ ತಿಂಗಳ ಮಧ್ಯಾಹ್ನ ಮಾತ್ರ ಸ್ಪ್ರೇ ಮುಟ್ಟಬೇಡಿ. ಬಣ್ಣ ಗಾಳಿಯಲ್ಲೇ ಒಣಗಿ ಪುಡಿಪುಡಿಯಾಗಿ ಕೂರುತ್ತದೆ. ಬೆಳಗಿನ ತಂಪಲ್ಲೇ ಮುಗಿಸಿ.

ಮೇಲೆ ಮ್ಯಾಟ್ ಕೆನೆ ಅಕ್ರಿಲಿಕ್. ಅದು ಪೂರ್ತಿ ಒಣಗಿದ ಮೇಲೆ ರಾ ಅಂಬರ್ (ಮಣ್ಣಿನಂಥ ಕಂದು) ಬಣ್ಣವನ್ನು ಚಹಾ ಡಿಕಾಕ್ಷನ್‌ನಷ್ಟು ತೆಳ್ಳಗೆ ಮಾಡಿ, ಹೊಲಿಗೆ ಗೆರೆಗಳಿಗೆ ಬಿಡಿ. ಬೋರ್ ನೀರು ಬಳಸಬೇಡಿ, ಗಡಸು ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ. (ಆಸಿಡ್ ಅಲ್ಲ ಮತ್ತೆ, ಕೇಳಿ ತನ್ನಿ!) ಒಂದೇ ಹನಿ ಸೋಪು ಸೇರಿಸಿದರೆ ಬಣ್ಣ ಅಲ್ಲಲ್ಲೇ ಗುಂಡಾಗಿ ನಿಲ್ಲದೆ ಗೆರೆಯೊಳಗೆ ಓಡುತ್ತದೆ. ಜಾಸ್ತಿಯಾದದ್ದನ್ನು ಒದ್ದೆ ಬ್ರಷ್‌ನಿಂದ ಮೇಲಿಂದ ಕೆಳಕ್ಕೆ ಎಳೆಯಿರಿ. ಮಳೆ ನೀರೂ ಹಾಗೇ ಇಳಿಯುತ್ತದೆ ಅಲ್ವಾ?

ಹಗ್ಗ ಉಜ್ಜುವ ಅಂಚು, ಮೂಲೆಗಳಿಗೆ ಕೊಳೆ ಸ್ವಲ್ಪ ಜಾಸ್ತಿ ಇರಲಿ. ಉಬ್ಬಿದ ಭಾಗಕ್ಕೆ ಒಣ ಬ್ರಷ್‌ನಲ್ಲಿ (ಬಣ್ಣ ಅದ್ದಿ, ಬಹುಪಾಲು ಒರೆಸಿ) ತಿಳಿ ಕೆನೆ ಸವರಿದರೆ ಗಾಳಿ ತುಂಬಿದಂತೆ ಕಾಣುತ್ತದೆ.

ಒಣಗಲೆಂದು ಮಾಳಗಿ ಮೇಲೆ ಇಡಬೇಡಿ. ತೆಳು ಪ್ಲಾಸ್ಟಿಕ್ ಸೊಟ್ಟಗಾದೀತು, ಧೂಳು ಬೇರೆ. ಮನೆಯೊಳಗೆ ರಟ್ಟಿನ ಡಬ್ಬಿ ಮುಚ್ಚಿಡಿ, ಸಾಕು.