ಎರಡನೇ ಅರ್ಜಿಯಲ್ಲಿ ಮೆಣಸಿನಕಾಯಿ ಬಂತು

ಧಾರವಾಡದಲ್ಲಿ ಎಂ.ಎ. ಓದುವಾಗ, ಮಾನವ ಹಕ್ಕುಗಳ ಕೆಲಸ ಮಾಡುವ ಒಂದು ಸಂಸ್ಥೆಯ ಯುವ ಪ್ರತಿನಿಧಿ ಸ್ಥಾನಕ್ಕೆ ಎರಡು ಸಲ ಅರ್ಜಿ ಹಾಕಿದೆ. ಮೊದಲ ಸಲ ಸಂದರ್ಶನಕ್ಕೂ ಕರೆಯಲಿಲ್ಲ.

ಆ ಅರ್ಜಿ ಈಗ ಓದಿದರೆ ನನಗೇ ನಗು ಬರುತ್ತದೆ. 1948ರ ಡಿಸೆಂಬರ್ 10ರ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ, ಅದರ 30 ಕಲಮುಗಳು, ಮೊದಲ ಕಲಮಿನ 'ಎಲ್ಲ ಪುರುಷರು' ಎಂಬುದನ್ನು 'ಎಲ್ಲ ಮನುಷ್ಯರು' ಎಂದು ಮಾಡಿಸಿದ ಹಂಸಾ ಮೆಹ್ತಾ, ಎಲ್ಲವನ್ನೂ ತುಂಬಿದ್ದೆ. 'ನೀವು ಮಾಡಿದ ಕೆಲಸ' ಅನ್ನೋ ಜಾಗದಲ್ಲಿ ಮಾತ್ರ ಭಾಷಣ ಸ್ಪರ್ಧೆಯ ಎರಡು ಬಹುಮಾನ!

ನಮ್ಮೂರು ಬ್ಯಾಡಗಿ ಹತ್ತಿರ. ಸೀಸನ್ ಬಂತು ಅಂದರೆ ಹೆಂಗಸರೆಲ್ಲ ಟೆಂಪೋ ಹತ್ತಿ ಮೆಣಸಿನಕಾಯಿ ತುಂಬು, ಅಂದರೆ ತೊಟ್ಟು, ಬಿಡಿಸಲು ಹೋಗುತ್ತಾರೆ. ಕೂಲಿ ಕೆಜಿ ಲೆಕ್ಕ. ಕೈ ಜಾಸ್ತಿ ಇದ್ದಷ್ಟು ಕಾಸು ಜಾಸ್ತಿ, ಹಾಗಾಗಿ ಮಕ್ಕಳೂ ಕೂರುತ್ತಾರೆ. ಆರನೇ ಇಯತ್ತೆಯಲ್ಲಿ ನಾನೂ ಅವ್ವನ ಪಕ್ಕ ಕೂತವಳೇ. ಘಾಟಿಗೆ ಕೆಮ್ಮು, ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ. ಮರೆತು ಕಣ್ಣು ಉಜ್ಜಿದರೆ ಮುಗೀತು.

ರಜೆಗೆ ಹೋದಾಗ, ಹಾಗೇ ಕೂತಿದ್ದ ಇಬ್ಬರು ಹುಡುಗಿಯರ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ದೊಡ್ಡ ಕೆಲಸ ಮಾಡಿದೆ ಅಂದುಕೊಂಡಿದ್ದೆ. ಮರುದಿನ ಆ ಹುಡುಗಿಯರ ತಾಯಿಯನ್ನು ಕೆಲಸಕ್ಕೆ ಬರಬೇಡ ಅಂದರು. ರಕ್ಷಣೆ ಬೇಕಾದ ಮಗುವಿನ ಗುರುತು ಬಯಲಾಗಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯಲ್ಲೇ ಇದೆ. ಅದನ್ನು ನಾನು ಓದಿದ್ದು ಆಮೇಲೆ. ಅವರ ಮನೆಗೆ ಕ್ಷಮೆ ಕೇಳಲು ಹೋದೆ. ಆಕೆ ಬೈಯಲಿಲ್ಲ, ಚಹಾ ಕೊಟ್ಟಳು. ಬೈದಿದ್ದರೆ ಒಳ್ಳೆಯದಿತ್ತು.

ಆ ದಿನ ದೊಡ್ಡ ಹುಡುಗಿ ಹೇಳಿದ್ದು ಒಂದೇ ಮಾತು: "ತಂಗೀನ ಯಾರ ನೋಡ್ಕೋತಾರ್ರೀ?" ನಾನು ಕಂಡಿದ್ದು ಮೆಣಸಿನಕಾಯಿ. ಅವಳು ಶಾಲೆ ಬಿಟ್ಟಿದ್ದು ಎರಡು ವರ್ಷದ ಕೂಸಿಗಾಗಿ.

ಆಮೇಲೆ ಮಾಡಿದ್ದೆಲ್ಲ ಸಣ್ಣ ಕೆಲಸ. ಮೇಷ್ಟ್ರ ಜೊತೆ ಕೂತು ಹಾಜರಿ ಪುಸ್ತಕ ನೋಡಿದೆ. ಸೀಸನ್ನಿನಲ್ಲಿ ಯಾರು ಎಷ್ಟು ದಿನ ಬಂದಿಲ್ಲ ಅಂತ ಹೆಸರಿಲ್ಲದೆ ಬರೆದುಕೊಂಡೆ. ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮ ಸಭೆ ಇದ್ದ ದಿನ ಮಕ್ಕಳೇ ಎದ್ದು ಕೇಳಿದರು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗೋರ ಕೂಸುಗಳಿಗೆ ಅಂತ ಶುರುವಾದ, ಹಗಲು ಕೂಸುಗಳನ್ನು ನೋಡಿಕೊಳ್ಳೋ 'ಕೂಸಿನ ಮನೆ'ಗೆ ತುಂಬು ಬಿಡಿಸೋರ ಕೂಸುಗಳನ್ನೂ ಸೇರಿಸಿಕೊಳ್ಳಿ ಅಂತ. ನಾನು ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿದ್ದೆ. ಭಾಷಣದ ಚಟ ಇರೋರಿಗೆ ಅದು ಕಷ್ಟ.

ಎರಡನೇ ಅರ್ಜಿಯಲ್ಲಿ ಇಷ್ಟನ್ನೇ ಬರೆದೆ, ಫೋಟೋದ ವಿಷಯವನ್ನೂ ಸೇರಿಸಿ. ಮೊದಲು ಕನ್ನಡದಲ್ಲಿ ಬರೆದು ಗೆಳತಿಯಿಂದ ಇಂಗ್ಲಿಷ್ ಮಾಡಿಸಿದೆ. ಅರ್ಜಿ ಹಾಕೋರಿಗೆ ನಾನು ಕೊಡೋ ಸಲಹೆಯೂ ಇದೇ. ಇಂಗ್ಲಿಷಿನಲ್ಲೇ ಶುರು ಮಾಡಿದರೆ ಸುಳ್ಳು ಬೇಗ ನುಸುಳುತ್ತದೆ.

ಸಂದರ್ಶನದಲ್ಲಿ ಮೂವರಿದ್ದರು. "14 ವರ್ಷದೊಳಗಿನ ಮಕ್ಕಳನ್ನು ದುಡಿಸೋದು ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಯಾಕೆ ಫೋನ್ ಮಾಡಲಿಲ್ಲ?" ಅಂತ ಒಬ್ಬರು ಬಿಡದೆ ಕೇಳಿದರು. ಫೋನ್ ಮಾಡಿದ್ದರೆ ಮೊದಲು ಸಿಕ್ಕಿಬೀಳೋಳು ತಾಯಿ ಅನ್ನಿಸಿತು, ಅದಕ್ಕೇ ಮಾಡಲಿಲ್ಲ ಅಂದೆ. ಅವರು ಒಪ್ಪಲಿಲ್ಲ. ಮಗು ಅಪಾಯದಲ್ಲಿದ್ದರೆ ಹಾಗೆ ಲೆಕ್ಕ ಹಾಕುತ್ತಾ ಕೂರಬಾರದು ಅಂದರು. ಅವರ ಮಾತೂ ಸರಿಯೇ, ಅಲ್ವಾ? ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ವಾಪಸ್ ಬರುವಾಗ, ಈ ಸಲವೂ ಹೋಯ್ತು ಅಂದುಕೊಂಡಿದ್ದೆ.

ಆಯ್ಕೆಯಾದ ಸುದ್ದಿ ಹೇಳಿದಾಗ ಅವ್ವ ಕೇಳಿದ್ದು "ಪಗಾರ ಎಷ್ಟು?" ಅಂತ. ಇಲ್ಲ ಅಂದೆ. "ಬಸ್ ಚಾರ್ಜು?" ಕೊಡ್ತಾರೆ ಅಂದೆ.

ಕೂಸಿನ ಮನೆಗೆ ಈಗ ಮೂರು ಕೂಸುಗಳು ಹೋಗುತ್ತಿವೆ. ಆ ಹುಡುಗಿಯ ತಂಗಿ ಇನ್ನೂ ಸೇರಿಲ್ಲ. ಅವಳ ಅವ್ವನ ಉದ್ಯೋಗ ಖಾತ್ರಿ ಜಾಬ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದೆ. ಸೋಮವಾರ ಅದಕ್ಕೇ ಪಂಚಾಯಿತಿಗೆ ಹೋಗಬೇಕು.