ನೆಪಗಳ ನೋಟ್‌ಬುಕ್

ಪರಿಸರದ ಕಟ್ಟುಪಾಡುಗಳಿಗೆ ದೇಶಗಳು ನಿಜಕ್ಕೂ ಬಗ್ಗುತ್ತವೆಯೇ? ಸಂಶೋಧನೆಗೆ ಕೂತಾಗ ನನ್ನ ಪ್ರಶ್ನೆ ಇದೇ. ಮೊದಲು ಒಂದು ದೊಡ್ಡ ಕೋಷ್ಟಕ ಮಾಡಿದೆ. ಯಾರು ಸಹಿ ಹಾಕಿದರು, ಯಾರು ಪಾಲಿಸಿದರು, ಯಾರು ಮುರಿದರು. ಸರಿ, ತಪ್ಪು ಗುರುತು ಹಾಕುತ್ತಲೇ ನಾಲ್ಕು ತಿಂಗಳು ಹೋಯಿತು. ಮಾರ್ಗದರ್ಶಕರು ಕೇಳಿದ್ದು ಒಂದೇ: "ಮುರಿದವರು ಏನಂದರು?" ಆ ಕಾಲಮ್ಮೇ ನನ್ನಲ್ಲಿರಲಿಲ್ಲ.

ಅವತ್ತೇ ಇನ್ನೊಂದು ನೋಟ್‌ಬುಕ್ ತೆಗೆದೆ. ಎಡಗಡೆ ದೇಶ ಮಾಡಿದ್ದು, ಬಲಗಡೆ ಅದು ಹೇಳಿಕೊಂಡದ್ದು.

ಮೊದಲ ಪುಟ ಜಪಾನಿನದು. 1982ರಲ್ಲಿ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ ವಾಣಿಜ್ಯ ಬೇಟೆ ನಿಲ್ಲಿಸಲು ಮತ ಹಾಕಿತು. ಆಮೇಲೂ ಜಪಾನಿನ ಹಡಗುಗಳು ಅಂಟಾರ್ಕ್ಟಿಕಕ್ಕೆ ಹೋಗುತ್ತಲೇ ಇದ್ದವು. ಬಲಗಡೆ ಮಾತ್ರ 'ನಮ್ಮಿಷ್ಟ' ಅಂತಿಲ್ಲ, 'ವೈಜ್ಞಾನಿಕ ಸಂಶೋಧನೆ' ಅಂತಿದೆ. ಯಾರೂ ಲೆಕ್ಕಕ್ಕಿಡದ ಕಟ್ಟುಪಾಡಿಗೆ ಯಾರಾದರೂ ನೆಪ ಹುಡುಕುತ್ತಾರಾ?

ಆಸ್ಟ್ರೇಲಿಯಾ ದಾವೆ ಹೂಡಿತು. 2014ರ ಅಂತಾರಾಷ್ಟ್ರೀಯ ನ್ಯಾಯಾಲಯದ ತೀರ್ಪನ್ನು ಪೆನ್ಸಿಲ್ ಹಿಡಿದು ಓದಿದೆ. ದಾವೆ ಇದ್ದದ್ದು ಜಪಾನಿನ ಆ 'ಸಂಶೋಧನೆ' ಯೋಜನೆಯ ಮೇಲೆ; ಸುಮಾರು 3,600 ಮಿಂಕಿ (ಒಂದು ಬಗೆಯ) ತಿಮಿಂಗಿಲಗಳನ್ನು ಕೊಂದ ಯೋಜನೆ ಅದು. ಅದರಿಂದ ಬಂದ, ತಜ್ಞರ ಪರಿಶೀಲನೆ ದಾಟಿದ ಲೇಖನಗಳೆಂದು ಜಪಾನ್ ತೋರಿಸಿದ್ದು ಎರಡೇ. ನೆಪ ನಿಲ್ಲಲಿಲ್ಲ. ಆದರೆ ನಾನು ಎರಡು ಸಲ ಗೆರೆ ಎಳೆದದ್ದು ಬೇರೆ ಕಡೆ. ಯೋಜನೆಯಲ್ಲಿ ವರ್ಷಕ್ಕೆ 50 ಹಂಪ್‌ಬ್ಯಾಕ್ ತಿಮಿಂಗಿಲಗಳ ಬೇಟೆಯೂ ಇತ್ತು. ಕೊಂದದ್ದು ಸೊನ್ನೆ. ಸಂಶೋಧನೆಯ ಬೇಟೆಗೆ ಪರವಾನಗಿ ಕೊಡುತ್ತಿದ್ದದ್ದು ಜಪಾನೇ, ತಡೆಯುವವರು ಯಾರೂ ಇರಲಿಲ್ಲ. ಹೊರಗಿನ ಒತ್ತಡಕ್ಕೆ ಹಂಪ್‌ಬ್ಯಾಕ್ ಬೇಟೆಯನ್ನು 2007ರಲ್ಲಿ ತಾನೇ ಕೈಬಿಟ್ಟಿತ್ತು.

2019ರಲ್ಲಿ ಜಪಾನ್ ಆಯೋಗದಿಂದಲೇ ಹೊರಬಂತು. ನನ್ನ ಹಳೇ ಕೋಷ್ಟಕದಲ್ಲಿ ಇದಕ್ಕೆ ದಪ್ಪ ತಪ್ಪು ಗುರುತು. ನೋಟ್‌ಬುಕ್‌ನಲ್ಲಿ ಹಾಗಿಲ್ಲ: ವಾಣಿಜ್ಯ ಬೇಟೆ ಮತ್ತೆ ಶುರುವಾದದ್ದು ತನ್ನದೇ ಕಡಲಿನಲ್ಲಿ, ಅಂಟಾರ್ಕ್ಟಿಕದ ಬೇಟೆ ನಿಂತಿತು.

ಹವಾಮಾನದ ಬಗೆಗಿನ ಪ್ಯಾರಿಸ್ ಒಪ್ಪಂದದ ಪುಟ ಚಿಕ್ಕದು. 2015ರ ಕೊನೆಯ ಗಳಿಗೆಯಲ್ಲಿ, ಶ್ರೀಮಂತ ದೇಶಗಳ ಹೊಣೆ ಹೇಳುವ ವಾಕ್ಯದ 'ಶಲ್' (ಕಡ್ಡಾಯ) ಅಮೆರಿಕದ ಪಟ್ಟಿನಿಂದ 'ಶುಡ್' (ಕಡ್ಡಾಯವಲ್ಲ) ಆಯಿತು. ಕನ್ನಡಕ್ಕೆ ತಂದರೆ ಎರಡೂ 'ಬೇಕು'ವೇ, ಹಾಗಾಗಿ ಮೊದಲ ಓದಿನಲ್ಲಿ ನನಗದು ಕಾಣಲೇ ಇಲ್ಲ! 'ಶಲ್' ಉಳಿದಿದ್ದರೆ ಒಪ್ಪಂದ ಒಪ್ಪಿಗೆಗಾಗಿ ಅಮೆರಿಕದ ಸೆನೆಟ್ (ಸಂಸತ್ತಿನ ಮೇಲ್ಮನೆ) ಮುಂದೆ ಹೋಗುವ ಭಯವಿತ್ತು. ಸುಮ್ನೆ ಕಾಗದದ ಮಾತಾಗಿದ್ದರೆ ಒಂದು ಶಬ್ದಕ್ಕೆ ಅಷ್ಟು ಒದ್ದಾಟ ಯಾಕೆ?

ನಾರ್ವೆಯ ಪುಟದಲ್ಲಿ ಮಾತ್ರ ನನ್ನ ವಿಧಾನ ಕೈಕೊಟ್ಟಿತು. ಅದು ತಿಮಿಂಗಿಲ ಬೇಟೆಯ ನಿಷೇಧಕ್ಕೆ ಬಹಿರಂಗವಾಗಿ ಆಕ್ಷೇಪ ಸಲ್ಲಿಸಿ, 1993ರಿಂದ ಮತ್ತೆ ವಾಣಿಜ್ಯ ಬೇಟೆಗೆ ಇಳಿಯಿತು. ನೆಪವೇ ಇಲ್ಲ. ಬಲಗಡೆ 'ಆಕ್ಷೇಪ ಇದೆ' ಅಂತ ಬರೆದು, ಉಳಿದ ಪುಟ ಖಾಲಿ ಬಿಟ್ಟೆ.