ಐದನೇ ಅಧ್ಯಾಯಕ್ಕೇ ಕ್ಲೈಮ್ಯಾಕ್ಸ್: ‘ಅನಿಮಲ್ ಫಾರ್ಮ್’ ಪಾಠ ಮಾಡಿದ ನನ್ನ ಅನುಭವ

ಪ್ರಾಣಿಗಳು ಯಜಮಾನನನ್ನು ಓಡಿಸಿದ ಮೇಲೆ ಹಂದಿಗಳೇ ಸರ್ವಾಧಿಕಾರಿಗಳಾಗುವ ಕಥೆ, ಜಾರ್ಜ್ ಆರ್ವೆಲ್‌ನ ಕಾದಂಬರಿ ‘ಅನಿಮಲ್ ಫಾರ್ಮ್’. ಅದರ ಕ್ಲೈಮ್ಯಾಕ್ಸ್ ಐದನೇ ಅಧ್ಯಾಯದಲ್ಲಿದೆ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. “ಹತ್ತು ಅಧ್ಯಾಯದ ಪುಸ್ತಕ ಸಾರ್, ಅರ್ಧಕ್ಕೇ ಮುಗಿಸಿಬಿಟ್ರಾ?” ಅಂದರು. ಈ ಸಲ ನನ್ನ ಬಿ.ಎ. ಹುಡುಗರು ಅದನ್ನೇ ಬರೆದು ಒಳ್ಳೆಯ ಅಂಕ ತಂದಿದ್ದಾರೆ. ನಕ್ಕವರಲ್ಲೇ ಇಬ್ಬರು ನೋಟ್ಸ್ ಕೇಳಿದ್ದಾರೆ. ಕೊಟ್ಟಿದ್ದೇನೆ, ಪೂರ್ತಿ ಅಲ್ಲ.

ಇದು ರಷ್ಯಾದ ಕ್ರಾಂತಿಯ ರೂಪಕ: ನೆಪೋಲಿಯನ್ ಅನ್ನೋ ಹಂದಿ ಸ್ಟಾಲಿನ್, ಅವನ ಎದುರಾಳಿ ಹಂದಿ ಸ್ನೋಬಾಲ್ ಟ್ರಾಟ್‌ಸ್ಕಿ. ತೊಂದರೆ ಶುರುವಾಗೋದೇ ಅಲ್ಲಿಂದ. ಮೊದಲು ನಾನೂ ರಷ್ಯಾದ ಇತಿಹಾಸದ ಚಾರ್ಟ್ ಹಾಕಿ ಪಾಠ ಮಾಡುತ್ತಿದ್ದೆ. ಚಾರ್ಟ್, ಸ್ಕೆಚ್ ಪೆನ್ನು, ಜೆರಾಕ್ಸ್ ಅಂತ ಕೈಯಿಂದ ಸಾವಿರದ ಹತ್ತಿರ ಹೋಯಿತು. ಹುಡುಗರು ದೊಡ್ಡ ಯುದ್ಧವೇ ಕ್ಲೈಮ್ಯಾಕ್ಸ್ ಅಂದುಕೊಂಡು ಎಂಟನೇ ಅಧ್ಯಾಯದ ವಿಂಡ್‌ಮಿಲ್ ಕಾಳಗ ಹಿಡಿದರು. ‘ಎಲ್ಲಿ ಹೊಟ್ಟೆ ಕಿವುಚಿತು?’ ಅಂತ ಕೇಳಿ ನೋಡಿದೆ. ಇಡೀ ಕ್ಲಾಸು ದುಡಿಮೆಗಾರ ಕುದುರೆ ಬಾಕ್ಸರ್‌ನನ್ನು ಕಟುಕನ ಗಾಡಿಯಲ್ಲಿ ಸಾಗಿಸುವ ಒಂಬತ್ತನೇ ಅಧ್ಯಾಯಕ್ಕೆ ಹೋಗಿ ಕೂತಿತು.

ಪುಸ್ತಕ ಓದಿಸದೆ ಆಗಲ್ಲ ಅಂತ ಅವೆನ್ಯೂ ರಸ್ತೆಯಿಂದ ಹಳೇ ಪ್ರತಿಗಳನ್ನು ತಂದೆ. ಒಂದಕ್ಕೆ ಅರವತ್ತೋ ಎಪ್ಪತ್ತೋ. ಬಂದು ಬಿಚ್ಚಿ ನೋಡಿದರೆ ಅರ್ಧದಷ್ಟು ಮಕ್ಕಳಿಗಾಗಿ ಮೊಟಕು ಮಾಡಿದ್ದು. ಹಸುವಿನ ಹಾಲು ಮಾಯವಾಗುವ ಸಾಲೇ ಇಲ್ಲ! ಆ ದುಡ್ಡು ದಂಡ.

ಆಮೇಲೆ ಪ್ರಶ್ನೆ ಬದಲಿಸಿದೆ. ಪ್ರತಿ ಅಧ್ಯಾಯದಲ್ಲಿ ‘ಬೇಡ’ ಅಂದವರು ಯಾರು? ಮೊದಲ ಅಧ್ಯಾಯದಲ್ಲಿ ಇಲಿಗಳು ನಮ್ಮವರಾ ಅಂತ ಮತಕ್ಕೆ ಹಾಕುತ್ತಾರೆ. ಮೂರು ನಾಯಿ, ಒಂದು ಬೆಕ್ಕು ವಿರೋಧ. ಬೆಕ್ಕು ಎರಡೂ ಕಡೆ ಮತ ಹಾಕಿರುತ್ತದೆ ಅನ್ನಿ. ಆದರೆ ಏಳನೇ ಅಧ್ಯಾಯಕ್ಕೆ ಬಂದಾಗ ಈ ಪ್ರಶ್ನೆ ಕೈಕೊಟ್ಟಿತು. ಅಲ್ಲಿ ಕೋಳಿಗಳು ದಂಗೆ ಏಳುತ್ತವೆ, ಬಾಕ್ಸರ್ ಕೂಡ ಸ್ನೋಬಾಲ್ ಪರ ಮಾತಾಡುತ್ತಾನೆ. ಹಾಗಾಗಿ ಪ್ರಶ್ನೆಗೆ ಒಂದು ಬಾಲ ಸೇರಿಸಿದೆ: ಆ ‘ಬೇಡ’ದಿಂದ ತೀರ್ಮಾನ ಬದಲಾಗುವ ಹಾಗಿತ್ತಾ?

ಇಷ್ಟಕ್ಕೇ ಎಲ್ಲ ಬಿಗಿಯಾಯಿತು. ಐದನೇ ಅಧ್ಯಾಯ ನೋಡಿ. ವಿಂಡ್‌ಮಿಲ್ ಕಟ್ಟಬೇಕು ಅನ್ನೋದು ಸ್ನೋಬಾಲ್ ವಾದ. ವಿಂಡ್‌ಮಿಲ್ ಬೇಡ ಅಂತ ನೆಪೋಲಿಯನ್ ಅರ್ಧ ನಿಮಿಷ ಮಾತಾಡಿ ಕೂರುತ್ತಾನೆ. ಸ್ನೋಬಾಲ್ ಮಾತು ಮುಗಿಸುವಾಗ ಮತ ಯಾರ ಕಡೆ ಅಂತ ಎಲ್ಲರಿಗೂ ಗೊತ್ತು. ಮತ ಹಾಕುವುದಷ್ಟೇ ಬಾಕಿ. ಅಷ್ಟರಲ್ಲಿ ನೆಪೋಲಿಯನ್ ಗುಟ್ಟಾಗಿ ಸಾಕಿದ ಒಂಬತ್ತು ನಾಯಿಗಳು ನುಗ್ಗುತ್ತವೆ. ಸ್ನೋಬಾಲ್ ಓಡಿಹೋದ ಮೇಲೆ ಭಾನುವಾರದ ಸಭೆಗಳೇ ರದ್ದು. ನಾಲ್ಕು ಎಳೆ ಹಂದಿಗಳು ಎದ್ದು ಕಿರುಚುತ್ತವೆ, ನಾಯಿಗಳು ಗುರ್ ಅಂದದ್ದೇ ತಡ ಕೂರುತ್ತವೆ. ಕುರಿಗಳು ಕಾಲು ಗಂಟೆಯ ಹತ್ತಿರ ‘ನಾಲ್ಕು ಕಾಲು ಒಳ್ಳೇದು, ಎರಡು ಕಾಲು ಕೆಟ್ಟದ್ದು’ ಅಂತ ಅರಚುತ್ತವೆ. ಏಳನೇ ಅಧ್ಯಾಯದಲ್ಲಿ ಮೊದಲು ಸಾಯುವುದು ಇದೇ ನಾಲ್ಕು ಹಂದಿಗಳು. ಮತದಿಂದ ತೀರ್ಮಾನ ಬದಲಿಸುವ ದಾರಿ ಐದರಲ್ಲೇ ಮುಚ್ಚಿತು. ಆಮೇಲಿನದ್ದೆಲ್ಲ ಪರಿಣಾಮ, ಅಲ್ವಾ?

ಒಬ್ಬ ಹಿರಿಯರು ಆರ್ವೆಲ್ ಪತ್ರ ತೆಗೆದು ನನ್ನನ್ನು ಹಿಡಿದರು. ಹಂದಿಗಳು ಹಾಲು, ಸೇಬು ತಮಗೇ ಇಟ್ಟುಕೊಂಡದ್ದೇ ತಿರುವು ಅಂತ 1946ರಲ್ಲಿ ಅವನೇ ಬರೆದಿದ್ದಾನೆ. ನನಗೆ ಅದು ಅನುಕೂಲವೇ ಆಯಿತು. ಪ್ರಾಣಿಗಳು ಆಗಲೇ ತಡೆದಿದ್ದರೆ ಸರಿಹೋಗುತ್ತಿತ್ತು ಅಂತಲೂ ಅದೇ ಪತ್ರದಲ್ಲಿದೆ. ಅಂದರೆ ಹಾಲಿನ ಹೊತ್ತಿಗೆ ದಾರಿ ಇನ್ನೂ ಇತ್ತು. ದಾರಿ ತಪ್ಪಿದ್ದು ಅಲ್ಲಿ, ಮುಚ್ಚಿದ್ದು ಐದರಲ್ಲಿ.

ಸುಮ್ನೆ 1954ರ ಕಾರ್ಟೂನ್ ಚಿತ್ರಕ್ಕೂ ಇದೇ ಪ್ರಶ್ನೆ ಹಾಕಿದೆ. ಅದರಲ್ಲಿ ಕೊನೆಗೆ ಪ್ರಾಣಿಗಳು ಹಂದಿಗಳ ಮೇಲೆ ತಿರುಗಿ ಬೀಳುತ್ತವೆ. ಹಾಗಾಗಿ ಕ್ಲೈಮ್ಯಾಕ್ಸ್ ಸೀದಾ ಕೊನೆಗೆ ಹೋಗುತ್ತದೆ. ಕಥೆ ಅದೇ, ರಾಜಕೀಯ ಬೇರೆ. ಹುಡುಗರು ಅದನ್ನು ತಾವಾಗಿಯೇ ಕಂಡುಹಿಡಿದರು.

ಐದನೇ ಅಧ್ಯಾಯದ ಯಾವ ಸಾಲಿಗೆ ಪುಸ್ತಕ ಮುಚ್ಚಿಸಿ ‘ಮುಂದೇನು?’ ಅಂತ ಬರೆಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಪರೀಕ್ಷೆಗೆ ಮಾತ್ರ ಒಂದು ಮಾತು: ಹತ್ತನೇ ಅಧ್ಯಾಯದಲ್ಲಿ ಹಂದಿಗಳು ಮನುಷ್ಯರ ಜೊತೆ ಆಡುವ ಇಸ್ಪೀಟಾಟವನ್ನೇ ಕ್ಲೈಮ್ಯಾಕ್ಸ್ ಅನ್ನುವವರಿದ್ದಾರೆ ಅಂತ ಮೊದಲೇ ಬರೆದು, ಆಮೇಲೆ ಐದನೇ ಅಧ್ಯಾಯದ ನಾಯಿಗಳನ್ನು ನುಗ್ಗಿಸಿ.